ಸೂಟ್‌ಕೇಸಿನೊಳಗೆ ಬಿಸಿಲು

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಹೇಳಿಯೇ ಬಿಡುತ್ತೇನೆ. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದ ನನಗೆ ಮನೆಯಲ್ಲಿ ಫ್ಯೂಸ್ ಹಾಕಲು ಬರುವುದಿಲ್ಲ. ಅದು ಯಾಕೆ ಹೋಯಿತು ಎಂಬುದನ್ನು ಬೇಕಾದರೆ ಬೋರ್ಡಿನ ಮೇಲೆ ಮುಕ್ಕಾಲು ಗಂಟೆ ವಿವರಿಸಬಲ್ಲೆ. ತಂತಿ ಸುತ್ತುವವಳು ನನ್ನ ಹೆಂಡತಿ ಸುಮಿತ್ರ. ಬಸವನಗುಡಿಯ ನಮ್ಮ ಬೀದಿಯಲ್ಲಿ ದೀಪ ಹೋದರೆ ಅಕ್ಕಪಕ್ಕದವರು ಕಾಂಪೌಂಡಿನಾಚೆಯಿಂದ "ಸುಮಿತ್ರಾ, ನಿಮ್ಮನೇಲೂ ಹೋಯ್ತಾ?" ಎಂದು ಅವಳನ್ನೇ ಕೇಳುತ್ತಾರೆ. ನನ್ನನ್ನು ಕೇಳಿದರೆ ಓಮ್‌ನ ನಿಯಮದಿಂದ ಶುರು ಮಾಡಿಬಿಡುತ್ತೇನೆಂದು ಅವರಿಗೆ ಭಯ.

ಇಂಥ ನಾನು ಬಿಸಿಲಿನಿಂದ ಮೊಬೈಲ್ ಚಾರ್ಜ್ ಮಾಡುವ, ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ಪೆಟ್ಟಿಗೆಯೊಂದನ್ನು ತಯಾರಿಸಿದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮ ಮನೆಯಲ್ಲಿ ಆಗಲೇ ಎಲ್ಲರೂ ನಕ್ಕು ಮುಗಿಸಿದ್ದಾರೆ.

ಇದಕ್ಕೆಲ್ಲ ಕಾರಣ ಅಮ್ಮ. ಎರಡು ಸಾವಿರದ ಏಳರ ಸುಮಾರು ಇರಬೇಕು, ಅವಳಿಗೆ ಆಗ ಎಪ್ಪತ್ತಾರು. ಅವಳ ತಂಗಿ, ನನ್ನ ಚಿಕ್ಕಮ್ಮ ಪುಟ್ಟಮ್ಮ, ಕನಕಪುರ ದಾಟಿ ಒಳಗಿರುವ ಒಂದು ಹಳ್ಳಿಯಲ್ಲಿದ್ದಾಳೆ. ಅಕ್ಕತಂಗಿಯರು ಮದುವೆಯಾದ ಮೇಲೆ ಒಂದೇ ಸೂರಿನಡಿ ಎರಡು ದಿನಕ್ಕಿಂತ ಹೆಚ್ಚು ಇದ್ದದ್ದೇ ಇರಲಿಲ್ಲ. ಅದೂ ಯಾರದೋ ಮದುವೆಯೋ ವೈಕುಂಠ ಸಮಾರಾಧನೆಯೋ ಆದಾಗ, ಹೋಳಿಗೆ ತಟ್ಟುತ್ತಾ ಮಾತಾಡಿಕೊಂಡದ್ದಷ್ಟೇ. ಆ ವರ್ಷ ಯುಗಾದಿ ಹತ್ತಿರ ಬಂದಾಗ ಅಮ್ಮ ಹೇಳಿದಳು: "ನೋಡೋ, ನಾನು ಪುಟ್ಟಿ ಮನೇಲಿ ಒಂದು ತಿಂಗಳು ಇದ್ದು ಬರ್ತೀನಿ. ಇನ್ನು ಯಾವಾಗ ಹೋಗ್ಲಿ ನಾನು?"

ನಾನು ಆಗುವುದಿಲ್ಲ ಎಂದೆ. ಹಿಂದಿನ ಮಾಗಿಯಲ್ಲಿ ಅವಳು ಸಕ್ಕರೆ ಇಳಿದು ಬಚ್ಚಲುಮನೆಯಲ್ಲಿ ಕುಸಿದಿದ್ದಳು. ಆ ಹೆದರಿಕೆ ನನಗಿನ್ನೂ ಹೋಗಿರಲಿಲ್ಲ. ಚಿಕ್ಕಮ್ಮನ ಊರಿನ ಪಕ್ಕದ ಗುಡ್ಡದ ಮೇಲೆ ಮೊಬೈಲ್ ಟವರು ಬಂದಿತ್ತು, ಮನೆಗಳಿಗೆ ಕರೆಂಟು ಮಾತ್ರ ಬಂದರೆ ಬಂತು, ಇಲ್ಲದಿದ್ದರೆ ಮೂರು ದಿನ ಇಲ್ಲ. ದಿನಾ ಬೆಳಿಗ್ಗೆ ನಿನ್ನ ದನಿ ಕೇಳದೆ ನಾನು ಇಲ್ಲಿ ಪಾಠ ಮಾಡಲಾರೆ ಎಂದೆ. ಮೂರನೆಯ ದಿನ ಅಮ್ಮ ಊಟ ಬಡಿಸುತ್ತಾ, "ಇಷ್ಟೆಲ್ಲಾ ಓದಿದೀಯಲ್ಲ, ಕರೆಂಟಿಲ್ಲದೆ ಆ ಫೋನಿಗೆ ಜೀವ ತುಂಬೋಕಾಗಲ್ವೇನೋ?" ಎಂದಳು. ನನ್ನ ಅಷ್ಟೂ ವರ್ಷದ ಸರ್ವೀಸನ್ನು ತಟ್ಟೆಯ ಪಕ್ಕದಲ್ಲಿಟ್ಟು ಕೇಳಿದ ಹಾಗಿತ್ತು. ಯಾಕಾಗಲ್ಲ, ಬಿಸಿಲಿನಿಂದ ಮಾಡಬಹುದು ಎಂದುಬಿಟ್ಟೆ. ಸಾರು ಬಿಸಿಯಾಗಿತ್ತು, ಮಾತು ಜಾರಿತು. ಮೂರು ದಿನ ಸತತವಾಗಿ ಆ ಪೆಟ್ಟಿಗೆ ಫೋನನ್ನು ತುಂಬಿಸಿದರೆ ಅಮ್ಮನಿಗೆ ಪ್ರಯಾಣ, ಇಲ್ಲದಿದ್ದರೆ ಇಲ್ಲ ಎಂದು ತೀರ್ಮಾನವಾಯಿತು.

ಎಸ್.ಪಿ. ರೋಡಿಗೆ ಹೋದೆ. ವಿದ್ಯುತ್ ಸಾಮಾನಿನ ಅಂಗಡಿಗಳೇ ತುಂಬಿದ ಬೀದಿ ಅದು; ಪರೀಕ್ಷೆಗೆ ಕೂರುವ ಹುಡುಗರಂತೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮಗ್ಗಿ ಪುಸ್ತಕ ತೆರೆದಿಟ್ಟಷ್ಟು ಅಗಲದ ಒಂದು ಸೋಲಾರ್ ಪ್ಯಾನೆಲ್, ಇಟ್ಟಿಗೆಯಷ್ಟು ಭಾರದ ಒಂದು ಬ್ಯಾಟರಿ, ಬ್ಯಾಟರಿಗೆ ಅಜೀರ್ಣವಾಗದಂತೆ ನೋಡಿಕೊಳ್ಳುವ ಪುಟ್ಟ ಸರ್ಕ್ಯೂಟು, ಕಾರಿನೊಳಗೆ ಇರುತ್ತದಲ್ಲ ಅಂಥ ಒಂದು ಸಾಕೆಟ್ಟು, ಅದಕ್ಕೆ ಚುಚ್ಚುವ ಚಾರ್ಜರು. ಇಷ್ಟೇ ನೋಡಿ ಸಾಮಾನು. ಇವನ್ನೆಲ್ಲ ಕೂರಿಸಲು ಅಟ್ಟದಲ್ಲಿದ್ದ ಸೂಟ್‌ಕೇಸ್ ಇಳಿಸಿದೆ.

"ಅಲ್ರೀ, ತೂತು ಕೊರೆಯೋಕೆ ನಮ್ಮಪ್ಪ ಕೊಟ್ಟಿದ್ದ ಸೂಟ್‌ಕೇಸೇ ಬೇಕಿತ್ತಾ?" ಎಂದಳು ಸುಮಿತ್ರ. ಮದುವೆಯಲ್ಲಿ ಮಾವನವರು ಕೊಟ್ಟ ಆ ಸೂಟ್‌ಕೇಸು ಅದುವರೆಗೆ ಮೈಸೂರಿಗಿಂತ ಆಚೆ ಹೋಗಿರಲಿಲ್ಲ. ಕೊನೆಗೆ ಅವಳೇ ಸ್ಕ್ರೂಡ್ರೈವರ್ ಹಿಡಿದು ಕೂತಳು. ನಾನು ಕೆಂಪು ತಂತಿ ಯಾವುದಕ್ಕೆ, ಕಪ್ಪು ಯಾವುದಕ್ಕೆ ಎಂದು ನಿರ್ದೇಶನ ಕೊಟ್ಟೆ. ಎರಡು ಸಲ ತಪ್ಪು ಕೊಟ್ಟೆ, ಅವಳು ಎರಡು ಸಲವೂ ನನ್ನ ಮಾತು ಕೇಳಲಿಲ್ಲ. ಹಾಗಾಗಿ ಪೆಟ್ಟಿಗೆ ಸುಟ್ಟುಹೋಗದೆ ಉಳಿಯಿತು.

ಈಗ ಬಿಸಿಲಿನ ಪ್ರಶ್ನೆ. ನಮ್ಮ ಬಸವನಗುಡಿಯವರಿಗೂ ಸೂರ್ಯನಿಗೂ ಇರುವ ಸಂಬಂಧ ವಿಚಿತ್ರವಾದದ್ದು. ಬೆಳಗಾಗೆದ್ದು ಅವನಿಗೆ ಅರ್ಘ್ಯ ಕೊಡುತ್ತೇವೆ, ರಥಸಪ್ತಮಿಯಂದು ತಲೆಯ ಮೇಲೆ ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವೆ. ಅದೇ ದೇವರು ಹತ್ತು ಗಂಟೆಗೆ ಗಾಂಧಿ ಬಜಾರಿನಲ್ಲಿ ಎದುರಾದರೆ ರಸ್ತೆಯ ಆಚೆ ಬದಿಯ ನೆರಳಿಗೆ ದಾಟಿಬಿಡುತ್ತೇವೆ. ಬಸ್ಸು ಹತ್ತಿದರೆ ಅವನು ಯಾವ ಕಡೆ ಬೀಳುತ್ತಾನೆ ಎಂದು ಲೆಕ್ಕಹಾಕಿ ಇನ್ನೊಂದು ಕಡೆ ಕೂರುತ್ತೇವೆ. ಅವನ ನಿಜವಾದ ಬೆಲೆ ಗೊತ್ತಿರುವುದು ಹೆಂಗಸರಿಗೆ, ಅದೂ ಮಾರ್ಚ್‌ನಿಂದ ಮೇ ತನಕ. ಆಗ ತಾರಸಿ ಅವರ ರಾಜ್ಯ. ಮೂಡಣ ಮೂಲೆ ಹಪ್ಪಳದ್ದು, ನಡುವೆ ಅರಳು ಸಂಡಿಗೆ, ಗೋಡೆಯ ಬದಿಗೆ ಬಾಳಕದ ಮೆಣಸಿನಕಾಯಿ. ಗಂಡಸರು ಅಲ್ಲಿಗೆ ಹೋಗುವುದು ಕರೆದಾಗ ಮಾತ್ರ. ನನ್ನ ಪ್ಯಾನೆಲ್ಲಿಗೆ ನೀರಿನ ಟ್ಯಾಂಕಿನ ಪಕ್ಕ ಒಂದು ಚಾಪೆಯಗಲದ ಜಾಗ ಮಂಜೂರಾಯಿತು, ಅದೂ ಅಮ್ಮನ ಶಿಫಾರಸಿನ ಮೇಲೆ.

ಮೊದಲ ದಿನ ಬೆಳಿಗ್ಗೆ ಪ್ಯಾನೆಲ್ ಬಿಚ್ಚಿಟ್ಟು, ಮೀಟರ್ ಹಿಡಿದು ನೋಡಿದೆ. ಇಪ್ಪತ್ತು ವೋಲ್ಟ್! ನೆಲದ ಮೇಲೆ ಕಾಲು ನಿಲ್ಲದಷ್ಟು ಸಂತೋಷ. ಕಾಲೇಜಿಗೆ ಹೋಗಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಸಂಜೆ ಬಂದು ಅಮ್ಮನ ಫೋನನ್ನು ಪೆಟ್ಟಿಗೆಗೆ ಚುಚ್ಚಿದರೆ ಅದು ಒಂದು ಸಲ ಕಿಣಿ ಎಂದು, ಹತ್ತು ನಿಮಿಷ ಜೀವ ಹಿಡಿದುಕೊಂಡಿದ್ದು, ಮತ್ತೆ ಸುಮ್ಮನಾಯಿತು. ಎರಡನೆಯ ದಿನವೂ ಅಷ್ಟೇ. ಬೆಳಿಗ್ಗೆ ಇಪ್ಪತ್ತು ವೋಲ್ಟ್, ಸಂಜೆ ಸೊನ್ನೆ. ಬ್ಯಾಟರಿ ಬದಲಾಯಿಸಿದೆ, ತಂತಿ ಬದಲಾಯಿಸಿದೆ, ಪ್ಯಾನೆಲ್ಲನ್ನು ಓರೆ ಮಾಡಿದೆ, ಬೆಂಗಳೂರಿನ ಅಕ್ಷಾಂಶಕ್ಕೆ ಸರಿಯಾಗಿ ಕೋನಮಾಪಕ ಇಟ್ಟು ಅಳೆದೆ. ಊಹೂಂ! ಪ್ಯಾನೆಲ್ಲನ್ನು ಕಂಕುಳಲ್ಲಿಟ್ಟುಕೊಂಡು ಮತ್ತೆ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಅದನ್ನು ಬಾಗಿಲ ಬಿಸಿಲಲ್ಲಿ ಹಿಡಿದು ಪುಟ್ಟ ಫ್ಯಾನೊಂದನ್ನು ಗರಗರ ತಿರುಗಿಸಿ ತೋರಿಸಿದರು. "ಮಾಲು ಚೆನ್ನಾಗೇ ಇದೆ ಸಾರ್. ನೀವೇನ್ ಕೆಲಸದಲ್ಲಿದೀರಾ?" ಎಂದು ಕೇಳಿದರು. ನಾನು ಕನ್ನಡ ಮೇಷ್ಟ್ರು ಎಂದು ಸುಳ್ಳು ಹೇಳಿ ಬಂದೆ. ಕನ್ನಡ ಮೇಷ್ಟ್ರುಗಳು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಹೀಗೆ ಹತ್ತು ದಿನ ಹೋಯಿತು. ಅತ್ತ ಅಮ್ಮ ಪುಟ್ಟಿಗೆಂದು ಕುಂಕುಮ, ಎರಡು ರವಿಕೆ ಕಣ, ಕಾಂಗ್ರೆಸ್ ಕಡಲೇಬೀಜ ಎಲ್ಲ ಚೀಲಕ್ಕೆ ತುಂಬಿ ಕೋಣೆಯ ಮೂಲೆಯಲ್ಲಿಟ್ಟಿದ್ದಳು. ಸಂಜೆ ನಾನು ಫೋನ್ ಚುಚ್ಚುವಾಗ ದೇವರ ಮನೆ ಬಾಗಿಲಲ್ಲಿ ನಿಂತು ನೋಡುವಳು. ಅದು ಸುಮ್ಮನಾದ ಕೂಡಲೇ "ಹೋಗಲಿ ಬಿಡು, ನಾಳೆ ಆಗತ್ತೆ" ಎನ್ನುವಳು. ಬೈದಿದ್ದರೆ ವಾಸಿಯಿತ್ತು ಅನಿಸುತ್ತಿತ್ತು ನನಗೆ.

ಹನ್ನೊಂದನೆಯ ದಿನ ಪರೀಕ್ಷಾ ಡ್ಯೂಟಿ ಬೇಗ ಮುಗಿದು ಹನ್ನೊಂದೂವರೆಗೇ ಮನೆಗೆ ಬಂದೆ. ಅಮ್ಮ ಕಾಣಲಿಲ್ಲ. ಕೇಳಿದರೆ ಸುಮಿತ್ರ ಮೇಲಕ್ಕೆ ಕೈ ತೋರಿಸಿದಳು. ತಾರಸಿ ಹತ್ತಿದೆ. ಏನು ನೋಡಲಿ! ಟ್ಯಾಂಕಿನ ಪಕ್ಕ ನನ್ನ ಪ್ಯಾನೆಲ್ ಇಲ್ಲ. ಅದರ ಜಾಗದಲ್ಲಿ ನಮ್ಮಪ್ಪನ ಹಳೆಯ ಮಗ್ಗದ ಪಂಚೆ ಎರಡು ಮಡಿಕೆಯಾಗಿ ನೀಟಾಗಿ ಹಾಸಿದೆ, ನಾಲ್ಕು ಮೂಲೆಗೂ ಕಲ್ಲು ಹೇರಿದೆ. ಪ್ಯಾನೆಲ್ ಅದರ ಕೆಳಗೆ ತಂಪಾಗಿ ಮಲಗಿತ್ತು. ಮೆಟ್ಟಿಲ ಬಾಗಿಲ ನೆರಳಿನಲ್ಲಿ ಅಮ್ಮ ಮಣೆ ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಕೂತಿದ್ದಳು.

"ಏನಮ್ಮಾ ಇದು?"

"ಕಾಗೆ ಕಣೋ. ಹಾಳಾದ್ದು, ಸಂಡಿಗೆ ಬಿಟ್ಟು ಅದರ ಮೇಲೇ ಬಂದು ಕೂತು ಹೊಲಸು ಮಾಡತ್ತೆ. ಧೂಳು ಬೇರೆ. ನೀನು ಹೋದ ತಕ್ಷಣ ಮುಚ್ಚಿಬಿಡ್ತೀನಿ, ನೀನು ಬರೋ ಹೊತ್ತಿಗೆ ತೆಗೆದಿಡ್ತೀನಿ. ಗಾಜಿನ ಸಾಮಾನು ಅಲ್ವೇನೋ?"

"ಅಯ್ಯೋ ಅಮ್ಮಾ! ಬಟ್ಟೆ ಮುಚ್ಚಿದ್ರೆ ಅದಕ್ಕೆ ಬಿಸಿಲು ಹೇಗಮ್ಮಾ ಸಿಗತ್ತೆ?"

"ಯಾಕೆ, ಸಂಡಿಗೆಗೆ ಸಿಗಲ್ವಾ?"

ಅರವತ್ತು ವರ್ಷದಿಂದ ಅವಳು ಬಟ್ಟೆಯ ಕೆಳಗೇ ಸಂಡಿಗೆ ಒಣಗಿಸಿದ್ದಾಳೆ. ಒಂದು ಸಲವೂ ಹಸಿ ಉಳಿದದ್ದಿಲ್ಲ. ಸಂಡಿಗೆಗೆ ಬೇಕಾದದ್ದು ಕಾವು, ಇದಕ್ಕೆ ಬೇಕಾದದ್ದು ಬೆಳಕು ಎಂದು ವಿವರಿಸಿದೆ. ಒಂಬತ್ತು ಕೋಟಿ ಮೈಲಿ ಎಲ್ಲೂ ನಿಲ್ಲದೆ ಎಂಟೇ ನಿಮಿಷದಲ್ಲಿ ಓಡಿಬಂದ ಬೆಳಕು ಕೊನೆಯ ಅರ್ಧ ಇಂಚಿನಲ್ಲಿ ನಮ್ಮಪ್ಪನ ಪಂಚೆಗೆ ಸೋತು ಕೂತಿದೆ ಎಂದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಇದನ್ನ ಮೊದಲೇ ಹೇಳೋಕೇನಾಗಿತ್ತು ನಿನಗೆ? ಕಾಲೇಜಲ್ಲೂ ಹೀಗೇನಾ ನೀನು ಪಾಠ ಮಾಡೋದು?" ಎಂದಳು.

ನಗುತ್ತಲೇ ಪಂಚೆಯ ಮೂಲೆಯ ಕಲ್ಲುಗಳನ್ನು ಒಂದೊಂದಾಗಿ ತೆಗೆದೆ. ತಂಗಿಯ ಮನೆಗೆ ಹೋಗಬೇಕೆಂಬ ಆಸೆಗೆ ಈ ಮುದುಕಿ ಹತ್ತು ದಿನ ಬೇಸಗೆಯ ಮಧ್ಯಾಹ್ನ ಕೋಲು ಹಿಡಿದು ಕಾವಲು ಕೂತು, ತನ್ನ ಪ್ರಯಾಣವನ್ನು ತಾನೇ ಅಷ್ಟು ಜೋಪಾನವಾಗಿ ತಡೆಹಿಡಿದಿದ್ದಳು. ನಾನೋ, ಬೆಳಿಗ್ಗೆ ಮೀಟರು ನೋಡಿ ಹೋದವನು ಒಂದು ದಿನವೂ ಮಧ್ಯಾಹ್ನ ತಾರಸಿಗೆ ಬಂದು ನೋಡಿರಲಿಲ್ಲ. ಪ್ರಯೋಗ ನಡೆಯುವಾಗ ಪಕ್ಕದಲ್ಲೇ ನಿಂತಿರಬೇಕೆಂದು ಮಕ್ಕಳನ್ನು ಗದರಿಸುವ ಮೇಷ್ಟ್ರು ನಾನು.

ಪಂಚೆ ತೆಗೆದ ಮೇಲೆ ಪೆಟ್ಟಿಗೆ ಮೂರು ದಿನವೂ ಫೋನನ್ನು ಕಂಠಮಟ್ಟ ತುಂಬಿಸಿತು. ರಾಮನವಮಿಯ ಪಾನಕ ಕುಡಿದ ಮರುದಿನ ಅಮ್ಮ ಹೊರಟಳು. ಬಸ್ಸಿನಲ್ಲಿ ಸೂಟ್‌ಕೇಸನ್ನು ಮೇಲಿಡಲು ಬಿಡದೆ ತೊಡೆಯ ಮೇಲೇ ಇಟ್ಟುಕೊಂಡಳು. ನಾನು ಜೊತೆಗೆ ಹೋಗಿ ಬಿಟ್ಟು, ಹೇಗೆ ಇಡಬೇಕು, ಹೇಗೆ ಚುಚ್ಚಬೇಕು ಎಂದು ಚಿಕ್ಕಮ್ಮನಿಗೂ ತೋರಿಸಿ ಬಂದೆ.

ನಾಲ್ಕು ದಿನ ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಏಳಕ್ಕೆ ಫೋನು, "ಮಾತ್ರೆ ತಗೊಂಡ್ಯಾ?" "ತಗೊಂಡೆ", "ತಿಂಡಿ ಆಯ್ತಾ?" "ಆಯ್ತು". ಐದನೆಯ ದಿನ ಫೋನು ಸ್ವಿಚ್ ಆಫ್. ಆರನೆಯ ದಿನವೂ ಸ್ವಿಚ್ ಆಫ್. "ಪೆಟ್ಟಿಗೆ ಕೆಟ್ಟಿರತ್ತೆ ಅಷ್ಟೇ, ಗಾಬರಿ ಆಗ್ಬೇಡಿ" ಎಂದಳು ಸುಮಿತ್ರ. ಪೆಟ್ಟಿಗೆ ಕೆಟ್ಟಿದ್ದರೆ ಸಾಕಪ್ಪಾ ದೇವರೇ ಎಂದು ನಾನು ಜೀವಮಾನದಲ್ಲಿ ಮೊದಲ ಸಲ ನನ್ನ ಸೋಲಿಗಾಗಿ ಬೇಡಿಕೊಂಡೆ. ಏಳನೆಯ ದಿನ ಕಲಾಸಿಪಾಳ್ಯಕ್ಕೆ ಹೋಗಿ ಬೆಳಗಿನ ಮೊದಲ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನೋ ಯೋಚನೆ. ಅವು ಬೇಡ ಬಿಡಿ.

ಚಿಕ್ಕಮ್ಮನ ಮನೆಯ ಅಂಗಳದಲ್ಲಿ ಪ್ಯಾನೆಲ್ ಬಿಸಿಲಿಗೆ ಮೈಯೊಡ್ಡಿ ಥಳಥಳ ಹೊಳೆಯುತ್ತಿತ್ತು. ಜಗುಲಿಯ ಮೇಲೆ ತೆರೆದ ಸೂಟ್‌ಕೇಸು, ಅದಕ್ಕೆ ಯಾರದೋ ಫೋನು ಚುಚ್ಚಿದೆ. ಪಕ್ಕದ ಮೊರದಲ್ಲಿ ಇನ್ನೂ ಆರೇಳು ಫೋನುಗಳು ಸಾಲಾಗಿ ಮಲಗಿವೆ. ಅದರಾಚೆ ಅಕ್ಕತಂಗಿಯರಿಬ್ಬರೂ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು, ಬಾಯಿ ತುಂಬ ನಗುತ್ತಾ ಚೌಕಾಬಾರ ಆಡುತ್ತಿದ್ದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ತಕ್ಷಣ ಸಿಟ್ಟು ಏರಿತು.

"ಅಮ್ಮಾ, ನಿನ್ನ ಫೋನೆಲ್ಲಿ?"

"ಗೂಡಲ್ಲಿದೆ. ಖಾಲಿಯಾಗಿ ಬಿದ್ದಿದೆ."

"ಪೆಟ್ಟಿಗೆ ಸರಿಯಾಗೇ ಇದೆಯಲ್ಲ, ಯಾಕೆ ಚಾರ್ಜ್ ಮಾಡ್ಕೊಳ್ಲಿಲ್ಲ?"

"ಸರತಿ ಇದೆಯಲ್ಲೋ" ಎಂದಳು ಅಮ್ಮ, ಕವಡೆಯನ್ನು ಕೈಯಲ್ಲಿ ಕುಲುಕುತ್ತಲೇ. "ಈಗ ಚುಚ್ಚಿರೋದು ರತ್ನಮ್ಮಂದು. ಅವಳ ಮಗ ಲಾರಿ ಓಡಿಸ್ತಾನೆ, ಯಾವತ್ತು ಯಾವ ಊರಲ್ಲಿರ್ತಾನೋ ಅವನಿಗೇ ಗೊತ್ತಿಲ್ಲ. ಆಮೇಲೆ ಸಾಕವ್ವಂದು. ಮಗಳು ತುಂಬಿದ ಬಸುರಿ, ಬೆಂಗಳೂರಲ್ಲಿ ಬಟ್ಟೆ ಫ್ಯಾಕ್ಟರಿ ಕೆಲಸ. ಆ ಮಕ್ಕಳೆಲ್ಲ ಫೋನ್ ಸಿಗದಿದ್ರೆ ಏನ್ ಮಾಡ್ತಾರೆ ಪಾಪ, ರಜಾ ಇಲ್ಲ, ಕಣ್ಣೀರು ಹಾಕ್ಕೊಂಡು ಸುಮ್ಮನಾಗ್ತಾರೆ. ನೀನಾದ್ರೆ ಬಂದೇ ಬಿಡ್ತೀಯಲ್ಲ."

ಚಿಕ್ಕಮ್ಮ ಮಜ್ಜಿಗೆ ತರಲು ಎದ್ದಳು. ಸುಮಿತ್ರಳಿಗಾದರೂ ವಿಷಯ ತಿಳಿಸೋಣವೆಂದು ಜೇಬಿನಿಂದ ನನ್ನ ಫೋನ್ ತೆಗೆದೆ. ದಾರಿಯುದ್ದಕ್ಕೂ ಅಮ್ಮನ ನಂಬರಿಗೆ ಒತ್ತಿ ಒತ್ತಿ ಅದೂ ಖಾಲಿಯಾಗಿತ್ತು. ಅಮ್ಮ ನನ್ನ ಕೈಯನ್ನು ನೋಡಿ, ಕವಡೆ ಕೆಳಗಿಟ್ಟು, ಮೊರವನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದಳು.

"ಕೊನೇಲಿಡು. ನಿನ್ನ ಸರತಿ ಬರೋ ಹೊತ್ತಿಗೆ ನಾಳೆ ಆಗತ್ತೆ. ಇವತ್ತು ಇಲ್ಲೇ ಇರು."