ಮಂಗಳವಾರ ಮಧ್ಯಾಹ್ನದ ರಿಸ್ಟೋರ್

ನೀರು ಪರೀಕ್ಷಾ ಕೇಂದ್ರದಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಕಾಪಿ ಅಕ್ಕ. ಕಂಪ್ಯೂಟರಿನಲ್ಲಿರುವ ಫಲಿತಾಂಶಗಳಿಗೆಲ್ಲ ದಿನಾ ಬೆಳಗ್ಗೆ ಆರಕ್ಕೆ ತಾನಾಗಿಯೇ ಒಂದು ಬ್ಯಾಕಪ್, ಅಂದರೆ ನಕಲು ಪ್ರತಿ, ಆಗಬೇಕು; ಆಗಿದೆಯೇ ಎಂದು ನೋಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಬ್ಯಾಕಪ್ಪುಗಳ ಪಟ್ಟಿ ನೋಡಿ, ದಪ್ಪ ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕಿದ್ದಳು. ಹಳೆಯ ಪ್ರತಿಯನ್ನು ಮತ್ತೆ ತಂದು ಕೂರಿಸಿದರೆ, ಅಂದರೆ ರಿಸ್ಟೋರ್ ಮಾಡಿದರೆ, ಆಮೇಲೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ; ಹಾಗೆ ಮಾಡಿದ್ದು ದಾಖಲಾಗುವ ಇನ್ನೊಂದು ಪಟ್ಟಿಯೂ ಇತ್ತು. ಅದನ್ನು ಅವಳು ತೆರೆಯುತ್ತಲೇ ಇರಲಿಲ್ಲ. ರಿಸ್ಟೋರ್ ಮಾಡಬಲ್ಲವಳು ತಾನೊಬ್ಬಳೇ, ತಾನು ಮಾಡಿಲ್ಲ, ನೋಡುವುದೇನು ಮಣ್ಣು?

ಆ ವಾರ ಮೂರನೇ ಬಡಾವಣೆಯ ನಲವತ್ತು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಅಲ್ಲಿಯ ಟ್ಯಾಂಕಿನ ನೀರು ಪರೀಕ್ಷಿಸಬೇಕಾಗಿದ್ದವನು, ಸದಾ ಬಾಟಲಿಗಳ ಬುಟ್ಟಿ ಹಿಡಿದೇ ಓಡಾಡುತ್ತಿದ್ದ ಸೀಸೆ ಮಾಮ.

"ನೀರು ಕೆಟ್ಟಿದೆ ಅಂತ ಮಂಗಳವಾರ ಹನ್ನೆರಡಕ್ಕೇ ಕಂಪ್ಯೂಟರಿಗೆ ತುಂಬಿದೀನಿ ಕಣಮ್ಮಾ" ಎಂದು ಅವಳ ಮೇಜಿನ ಮುಂದೆ ಬಂದು ನಿಂತ. ಅವಳು ಹುಡುಕಿದಳು. ಆ ಸಾಲೇ ಇರಲಿಲ್ಲ.

"ಇಲ್ವಲ್ಲ ಮಾಮ. ತುಂಬೋದು ಮರ್ತಿದ್ರೆ ಮರ್ತೆ ಅಂತ ಹೇಳ್ಬಿಡಿ."

ಮಾಮನನ್ನು ಅಮಾನತು ಮಾಡಿದರು. ಸೋಮವಾರ ವಿಚಾರಣೆ, ಕೆಲಸ ಹೋಗುವುದು ಖಚಿತ ಎಂದು ಎಲ್ಲರೂ ಮಾತಾಡಿಕೊಂಡರು.

ಶನಿವಾರ ಊಟದ ಡಬ್ಬಿ ಬಿಚ್ಚುತ್ತ ಟೈಪಿಸ್ಟ್ ಗೊಣಗಿದಳು: "ಮಂಗಳವಾರ ನಂಗೂ ಕರ್ಮ. ಬೆಳಗಿಂದ ನಾನು ತುಂಬಿದ್ದೆಲ್ಲ ಎರಡನೇ ಸಲ ತುಂಬ್ದೆ. ಕರೆಂಟು ಹೋಗಿ ಅಳಿಸ್ಹೋಯ್ತು ಅಂದ್ರು ಸಾಹೇಬ್ರು."

ಕರೆಂಟು ಹೋದರೆ ಬ್ಯಾಟರಿ ಇದೆ. ಅದೂ ಕೈಕೊಟ್ಟರೂ ಬೆಳಗಿನದ್ದಷ್ಟೇ ಗುಡಿಸಿಹಾಕಿದ ಹಾಗೆ ಹೋಗುವುದಿಲ್ಲ. ಕಾಪಿ ಅಕ್ಕ ಅನ್ನ ಬಿಟ್ಟು ಎದ್ದಳು. ಎಂದೂ ತೆರೆಯದ ಪಟ್ಟಿ ತೆರೆದಳು. ಅದರಲ್ಲಿ ಒಂದೇ ಸಾಲು: ಮಂಗಳವಾರ, ಮಧ್ಯಾಹ್ನ ಒಂದು ನಲವತ್ತು. ಬೆಳಗಿನ ಆರರ ಪ್ರತಿಯನ್ನು ಕೂರಿಸಲಾಗಿದೆ. ಮಾಡಿದವರ ಹೆಸರು, ಅವಳದ್ದೇ.

ಮಂಗಳವಾರ ಅವಳು ಕಣ್ಣಿನ ಆಪರೇಷನ್ ಆದ ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದಳು. ಆಗಲೇ ಭಾವ ಫೋನು ಮಾಡಿ, "ಒಂದು ಪ್ರಿಂಟ್ ತೆಗೀಬೇಕು, ನಿನ್ ಪಾಸ್‌ವರ್ಡ್ ಹೇಳು" ಎಂದಿದ್ದ. ಅವಳು ಹೇಳಿದ್ದಳು. ಅವಳ ಸ್ವಂತ ಅಕ್ಕನ ಗಂಡ, ಕೇಂದ್ರದ ಸಾಹೇಬ, ಕೆಲಸ ಕೊಡಿಸಿದವನು. ಮೂರನೇ ಬಡಾವಣೆಯ ಟ್ಯಾಂಕು ತೊಳೆಸಿದ್ದಾಗಿದೆ ಎಂದು ಹಿಂದಿನ ವಾರ ಸಹಿ ಹಾಕಿದವನೂ ಅವನೇ.

ಪಟ್ಟಿಯ ಪ್ರಿಂಟ್ ತೆಗೆದು ಅವನ ಮುಂದಿಟ್ಟಳು. ಅವನು ಓದಿ ನಕ್ಕ.

"ಏನೇ ಕಾಪಿ, ನಿನ್ನ ಹೆಸರೇ ಇದ್ಯಲ್ಲ!"

"ಭಾವ, ನೀವು ಹೀಗೆ ಮಾಡ್ಬೋದಾ?"

"ಮನೆ ನಡೀಬೇಕಲ್ಲಮ್ಮ. ಈ ಪಟ್ಟಿ ಅಳಿಸೋಕೂ ಒಂದು ಬಟನ್ ಇದ್ಯಂತಲ್ಲ, ಒತ್ತಿಬಿಡು. ಮಾಮಂಗೆ ಹೇಗೂ ಇನ್ನೆರಡೇ ವರ್ಷ ಸರ್ವೀಸು."

ಎಷ್ಟು ಸಲೀಸು! ಫಲಿತಾಂಶವನ್ನು ಬೆಳಗಿನ ಆರಕ್ಕೆ ಎಳೆದೊಯ್ದೆ ಸ್ವಾಮಿ, ನಲವತ್ತು ಜನ ಕುಡಿದ ನೀರನ್ನು ಯಾವ ಬ್ಯಾಕಪ್ಪಿನಿಂದ ವಾಪಸು ತರುತ್ತೀಯ?

ಭಾನುವಾರ ಅವಳ ಅಕ್ಕ ಫೋನಿನಲ್ಲಿ ಅತ್ತಳು. "ನನ್ನ ಮುಖ ನೋಡಾದ್ರೂ ಸುಮ್ನಿರೇ."

ಸೋಮವಾರ ಅವಳು ಆ ಹಾಳೆಯನ್ನು ವಿಚಾರಣಾಧಿಕಾರಿಯ ಕೈಗಿತ್ತಳು. ಅಮ್ಮನ ಮಂಗಳವಾರದ ಆಸ್ಪತ್ರೆ ಚೀಟಿ ಲಗತ್ತಿಸಿ, ಅಡಿಯಲ್ಲಿ ಬರೆದಿದ್ದಳು: ಪಾಸ್‌ವರ್ಡ್ ಕೇಳಿದವರು ನಮ್ಮ ಸಾಹೇಬರು. ಕೊಟ್ಟವಳು ನಾನು.

"ಇದಕ್ಕೆ ನಿಮ್ಮ ಮೇಲೂ ಕ್ರಮ ಆಗುತ್ತೆ, ಗೊತ್ತಲ್ಲ?" ಎಂದರು ಅಧಿಕಾರಿ.

"ಗೊತ್ತು ಸಾರ್."

ಹೊರಗೆ ಬೆಂಚಿನ ಮೇಲೆ ಸೀಸೆ ಮಾಮ ಕುಳಿತಿದ್ದ. ಹಾಳೆಯ ವಿಷಯ ಅವಳೇ ಹೇಳಿದಳು.

"ಅವತ್ತೇ ನನ್ನ ಮಾತು ನಂಬಿದ್ಯೇನಮ್ಮ?" ಎಂದು ಮಾಮ ಕೇಳಿದ.

ಹೂಂ ಅಂದುಬಿಡಬಹುದಿತ್ತು.

"ಇಲ್ಲ ಮಾಮ" ಎಂದಳು.

ಮಾಮ ಕನ್ನಡಕ ಒರೆಸಿಕೊಂಡು ಎದ್ದು, ಅವಳನ್ನು ದಾಟಿ ಒಳಗೆ ಹೋದ.