ಲಕೋಟೆ ಅಕ್ಕನ ಬಾಯಿಂದ ವಿಳಾಸ ಹೊರಡುವುದಿಲ್ಲ

ಬೆಳಗಿನ ಐದೂವರೆ. ಬೀಗ ರಿಪೇರಿ ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಲಕೋಟೆ ಅಕ್ಕ ಆಗಲೇ ಮಂಚದ ಮುಂದೆ ನಿಂತಿದ್ದಾರೆ. ಮಲಗಲಿಕ್ಕಲ್ಲ. ಮಂಚದ ತುಂಬ ನಿನ್ನೆ ಬಂದ ತೊಂಬತ್ತು ಕಾಗದಗಳು ಹರಡಿಕೊಂಡಿವೆ. ಒಂದೊಂದನ್ನೇ ಎತ್ತಿ, ಸಂಖ್ಯೆ ನೋಡಿ, ಕಂದು ಲಕೋಟೆಯೊಳಗೆ ತೂರಿಸಿ, ಅಂಟು ಸವರಿ, ಹೊಸ ವಿಳಾಸ ಬರೆದು, ಬರೆದ ಮುಖ ಕೆಳಗೆ ಮಾಡಿ ಇಡುತ್ತಾರೆ. ಗೋಡೆಯ ಮೇಲಿನ ಹಲ್ಲಿಗೂ ವಿಳಾಸ ಕಾಣಬಾರದು ಎಂಬಷ್ಟು ಎಚ್ಚರ.

ತಾವು ಎಲ್ಲಿ ವಾಸ ಮಾಡುತ್ತೇವೆಂದು ಊರಿಗೆಲ್ಲ ಗೊತ್ತಾಗುವುದು ಬೇಡ ಎನ್ನುವವರು ತಮ್ಮ ಕಾಗದಗಳನ್ನು ಅಕ್ಕನ ಕೋಣೆಗೆ ತರಿಸಿಕೊಳ್ಳುತ್ತಾರೆ. ಹೊರಗಿನವರಿಗೆ ಗೊತ್ತಿರುವುದು ಪೆಟ್ಟಿಗೆ ಸಂಖ್ಯೆ ಮತ್ತು ಈ ಕೋಣೆಯ ವಿಳಾಸ ಮಾತ್ರ. ಅಲ್ಲಿಂದ ಮುಂದಿನ ದಾರಿ ಅಕ್ಕನಿಗೆ ಗೊತ್ತು. ಇಪ್ಪತ್ತಾರು ವರ್ಷದ ಹಿಂದೆ ಆರು ಜನರಿಂದ ಶುರುವಾದದ್ದು, ಈಗ ಇನ್ನೂರ ಹನ್ನೆರಡಕ್ಕೆ ಬಂದಿದೆ. "ಸುಮ್ನಿರೋದೂ ಒಂದು ಕೆಲಸಾನಾ ಅಂತ ನೆಂಟರೆಲ್ಲ ನಗ್ತಿದ್ರು. ಒಂದು ದಿನ ಸುಮ್ನಿದ್ದು ನೋಡಿ ಅಂದೆ. ಒಬ್ರ ಕೈಲೂ ಆಗ್ಲಿಲ್ಲ," ಎನ್ನುತ್ತಾರೆ ಅಕ್ಕ.

ಅವರ ಬಳಿ ಎರಡು ಪುಸ್ತಕಗಳಿವೆ. ಒಂದರಲ್ಲಿ ಸಂಖ್ಯೆ ಮತ್ತು ಹೆಸರು, ಇನ್ನೊಂದರಲ್ಲಿ ಸಂಖ್ಯೆ ಮತ್ತು ವಿಳಾಸ. ಒಂದು ಸಿಕ್ಕರೆ ಕಳ್ಳನಿಗೆ ಪ್ರಯೋಜನವಿಲ್ಲ, ಎರಡೂ ಒಂದೇ ಕಡೆ ಇರುವುದಿಲ್ಲ. ಎರಡನೆಯದು ಎಲ್ಲಿದೆ ಎಂದು ಕೇಳಿದರೆ ಅಕ್ಕ ಕಿಟಕಿಯತ್ತ ನೋಡಿ, "ಮೋಡ ಆಗಿದೆ ಅಲ್ವಾ?" ಎನ್ನುತ್ತಾರೆ.

ಮಂಚ ಇಲ್ಲಿಗೆ ಬಂದದ್ದೂ ಈ ಚಟದಿಂದಲೇ. ಹನ್ನೊಂದು ವರ್ಷದ ಹಿಂದೆ ಮನೆಗೆಂದು ಮಂಚ ಕೊಂಡಾಗ ಅಂಗಡಿಯವನು ಮನೆ ವಿಳಾಸ ಕೇಳಿದ. ಅಕ್ಕನ ಬಾಯಿ ತನ್ನಷ್ಟಕ್ಕೆ ಕೋಣೆಯ ವಿಳಾಸ ಹೇಳಿತು. ನಾಲ್ಕು ಆಳುಗಳು ಏದುಸಿರು ಬಿಡುತ್ತಾ ಮೇಲೆ ಹೊತ್ತು ತಂದರು. ಕೆಳಗಿಳಿಸಲು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಕ್ಕನ ಯಜಮಾನರು ಅಂದಿನಿಂದ ಇಂದಿನವರೆಗೆ ಚಾಪೆಯ ಮೇಲೆ ಮಲಗುತ್ತಿದ್ದಾರೆ.

ಬಾಗಿಲ ಬಳಿಯ ಮೇಜಿನಲ್ಲಿ ಕೂರುವವರು ಅದೇ ಯಜಮಾನರು. ಅವರ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಇಂಥವರನ್ನು ಇಂಥ ಜಾಗದಲ್ಲಿ ಕೂರಿಸುವುದೇ ಎಂದು ಯಾರಾದರೂ ಗಾಬರಿಯಾದರೆ ಅಕ್ಕ ಸಮಾಧಾನ ಮಾಡುತ್ತಾರೆ. "ಮಾತಾಡ್ಲಿ ಬಿಡಿ. ಅವರಿಗೆ ಒಂದು ವಿಳಾಸಾನೂ ಗೊತ್ತಿಲ್ಲ. ಬಂದೋರು ಅರ್ಧ ಗಂಟೆ ಕೇಳಿ ಸುಸ್ತಾಗಿ ಹೋಗ್ತಾರೆ."

ನಲವತ್ಮೂರನೇ ಸಂಖ್ಯೆಯ ಹೆಂಗಸು ಇಲ್ಲಿಗೆ ಬಂದದ್ದು ಪರೀಕ್ಷೆ ಮಾಡಿಕೊಂಡು. (ಈ ಸಂಖ್ಯೆ ನಿಜದ್ದಲ್ಲ, ಬದಲಿಸಿ ಬರೆಯಬೇಕೆಂಬುದು ಅಕ್ಕನ ಷರತ್ತು.) ಬಿಟ್ಟುಬಂದ ಗಂಡ ಬೆನ್ನು ಬಿಡದೆ ಹುಡುಕುತ್ತಿದ್ದ. ಎರಡು ಸಲ ಮನೆ ಬದಲಿಸಿದ್ದಾಯಿತು. ಮೂರನೆಯ ಮನೆಗೆ ಬಂದಾಗ ಹೀಗೆ ಕಾಗದ ತಲುಪಿಸುವ ಮೂರು ಕಡೆ ಹೆಸರು ಬರೆಸಿ, ವಾರದ ನಂತರ ತನ್ನದೇ ಚಿಕ್ಕಮ್ಮನ ದನಿಯಲ್ಲಿ ಫೋನು ಮಾಡಿ ತನ್ನದೇ ವಿಳಾಸ ಕೇಳಿದಳು. ಮೊದಲನೆಯವರು ಪಾಪ ಎಂದು ಹೇಳಿಬಿಟ್ಟರು. ಗಾಜಿನ ಬಾಗಿಲಿನ ಎರಡನೆಯವರು ಹುಟ್ಟಿದ ದಿನಾಂಕ ಕೇಳಿಕೊಂಡು ಹೇಳಿದರು. ಅಕ್ಕ ಮಾತ್ರ, "ಕಾಗದ ಬರೆದುಕೊಡಿ, ತಲುಪಿಸ್ತೀನಿ," ಎಂದರು.

"ಅಯ್ಯೋ, ನಾನೇ ಕಣಕ್ಕ ನಲವತ್ಮೂರು!"

"ಹಾಗಾದ್ರೆ ನಿಮ್ಮ ವಿಳಾಸ ನಿಮಗೇ ಗೊತ್ತಿರ್ಬೇಕಲ್ಲಮ್ಮ. ನನ್ನನ್ಯಾಕೆ ಕೇಳ್ತೀರಾ?" ಎಂದು ಅಕ್ಕ ಫೋನಿಟ್ಟರು.

ಮಾರನೆಯ ದಿನ ಆಕೆ ಖುದ್ದಾಗಿ ಬಂದಳು. "ಇನ್ನೊಂದು ಸಲ ಗಂಟುಮೂಟೆ ಕಟ್ಟೋ ಶಕ್ತಿ ನನಗಿಲ್ಲ ಅಕ್ಕ. ಈ ಮನೇಲೂ ಒಂದು ಮೊಳೆ ಹೊಡೆದಿಲ್ಲ. ಗಡಿಯಾರ ಇನ್ನೂ ಪೆಟ್ಟಿಗೇಲೇ ಇದೆ," ಎಂದಳು. ಆ ಗಡಿಯಾರದ ಮಾತು ಅಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಕಳೆದ ವರ್ಷ ಆ ಗಂಡ ಈ ಬಾಗಿಲಿಗೂ ಬಂದ. ಮೊದಲ ದಿನ ಅಣ್ಣ ಎಂದ, ಎರಡನೆಯ ದಿನ ವಕೀಲ ಎಂದ, ಮೂರನೆಯ ದಿನ ಅತ್ತ. ಮೂರು ದಿನವೂ ಸಿಕ್ಕಿದ್ದು ಒಂದೇ ಉತ್ತರ, ಕಾಗದ ಬರೆದುಕೊಡಿ. ನಾಲ್ಕನೆಯ ದಿನ ಕುಂಬಳಕಾಯಿ ಗಾತ್ರದ ಕೆಂಪು ಬಟ್ಟೆಯ ಗಂಟನ್ನು ಅವಳಿಗೆ ತಲುಪಿಸಿ ಎಂದು ಕೊಟ್ಟು ಎದುರಿನ ಅಂಗಡಿಯ ಜಗುಲಿಯಲ್ಲಿ ಕೂತ. ಗಂಟು ಅಂಚೆಗೆ ಹೊರಟಾಗ ಹಿಂದೆ ಹೋಗಿ ವಿಳಾಸ ಓದುವುದು ಅವನ ಲೆಕ್ಕಾಚಾರ. ಅಕ್ಕ ನಲವತ್ಮೂರಕ್ಕೆ ಫೋನು ಮಾಡಿದರೆ, "ನನಗೆ ಬೇಡ, ವಾಪಸ್ ಕಳಿಸಿ," ಎಂಬ ಉತ್ತರ ಬಂತು.

ಅಕ್ಕ ಅಷ್ಟೇ ಗಾತ್ರದ, ಅಂಥದೇ ಕೆಂಪು ಬಟ್ಟೆಯ ಇನ್ನೊಂದು ಗಂಟು ಕಟ್ಟಿದರು. ಒಳಗೆ ಹಳೇ ಪತ್ರಿಕೆ. ಸದಾ ಇರುವೆ ಸಾಲಿನ ಹಾಗೆ ಬರೆಯುವವರು ಆವತ್ತು ಬೀದಿಯ ಆಚೆಯಿಂದಲೂ ಓದುವಷ್ಟು ದಪ್ಪಕ್ಷರದಲ್ಲಿ ವಿಳಾಸ ಬರೆದರು. ಯಜಮಾನರ ತಾಯಿಯ ವಿಳಾಸ. ಆಮೇಲೆ ಆ ಮನೆಗೊಂದು ಫೋನು. "ಅತ್ತೆ, ನಿಮ್ಮ ಮಾತು ಕೇಳೋಕೆ ಒಬ್ರು ಬರ್ತಿದ್ದಾರೆ. ಬೇಗ ಬಿಡಬೇಡಿ."

ಗಂಟಿನ ಮೇಲಿನ ವಿಳಾಸ ಓದಿಕೊಂಡ ಗಂಡ ಅರ್ಧ ದಿನ ಬಸ್ಸಿನಲ್ಲಿ ಕೂತು ಹೋಗಿ ಬಾಗಿಲು ತಟ್ಟಿದ. ಹನ್ನೊಂದು ಜನರ ಮನೆ ಅದು. ಉಳಿದ ಹತ್ತು ಜನರೂ ಅತ್ತೆಯ ಮಾತು ಕೇಳಿ ಕೇಳಿ ಕಿವಿ ಮುಚ್ಚಿಕೊಂಡವರು. ಹೊಸ ಕಿವಿ ಸಿಕ್ಕ ಖುಷಿಗೆ ಅತ್ತೆ ಅವನನ್ನು ಕೂರಿಸಿ, ತಮ್ಮ ಮೊಣಕಾಲು ನೋವಿನಿಂದ ಶುರುಮಾಡಿದರು. ಮೂರು ಸಲ ಎದ್ದ, ಮೂರು ಸಲವೂ ಕೂರಿಸಿದರು. ಕತ್ತಲಾಗುವ ಹೊತ್ತಿಗೆ ಅವನು ಕಾಲ್ಕಿತ್ತ. ಎರಡು ದಿನ ಕಳೆದ ಮೇಲೆ ಅವನು ಕೊಟ್ಟ ಕೆಂಪು ಗಂಟು ಬಿಚ್ಚದೆ ಅವನ ಬಾಗಿಲಿಗೇ ಹೋಗಿ ಕೂತಿತು. ಮತ್ತೆ ಅವನು ಈ ಬೀದಿಗೆ ತಲೆ ಹಾಕಿಲ್ಲ. "ನಮ್ಮಮ್ಮನ ಮುಂದೆ ನಾನೇ ನಿಲ್ಲಲ್ಲ, ಅವನ್ಯಾವ ಲೆಕ್ಕ," ಎಂದು ಯಜಮಾನರು ಎದೆ ಉಬ್ಬಿಸುತ್ತಾರೆ.

ಕೋಣೆಗೆ ಬರುವ ಕಾಗದಗಳೆಲ್ಲ ಬೇರೆಯವರವು. ಅಕ್ಕನ ಹೆಸರಿಗೇ ಬಂದದ್ದು ಒಂದು, ಹೋದ ತಿಂಗಳು. ಕಾರ್ಡಿನಲ್ಲಿ ಒಂದೇ ಸಾಲು: "ಗಡಿಯಾರ ಗೋಡೆಗೆ ಹಾಕಿದೆ." ಕಳಿಸಿದವರ ಹೆಸರಿಲ್ಲ, ವಿಳಾಸವಿಲ್ಲ. "ಕಲಿತುಬಿಟ್ಟಿದ್ದಾಳೆ," ಎಂದು ಅಕ್ಕ ನಗುತ್ತಾರೆ. ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

ಏನಾದರೂ ಆಸೆ ಉಳಿದಿದೆಯೇ ಎಂದರೆ ಲಕೋಟೆಯೊಂದಕ್ಕೆ ಅಂಟು ಸವರುತ್ತಾ ಹೇಳುತ್ತಾರೆ. "ಆ ಗಡಿಯಾರ ಒಂದ್ಸಲ ನೋಡ್ಬೇಕು ಅಂತಿದೆ. ಎಲ್ಲಿದೆ ಅಂತ ಗೊತ್ತಿರೋಳು ನಾನೊಬ್ಳೇ. ಆದ್ರೆ ಹೋಗಲ್ಲ. ನನ್ನ ಹಿಂದೆ ಯಾರಾದ್ರೂ ಬಂದ್ಬಿಟ್ರೆ?"

"ದೂರ ಏನೇ ಅದು?" ಎಂದು ಯಜಮಾನರು ಬಾಗಿಲಿನಿಂದ ಕತ್ತು ಚಾಚುತ್ತಾರೆ.

ಅಕ್ಕ ಕಿಟಕಿಯತ್ತ ನೋಡುತ್ತಾರೆ. "ಮೋಡ ಆಗಿದೆ ಅಲ್ವಾ?"