ಕಾಡಿನ ಸಿನಿಮಾ, ಕಬ್ಬಿನ ದಾರಿ

ಆ ಸಿನಿಮಾದಲ್ಲಿ ಯಾರೂ ಸತ್ತಿಲ್ಲ. ಕಾಡಿಗೆ ಹೋದ ಆ ನಾಲ್ಕೂ ಮಂದಿ ಶೂಟಿಂಗ್ ಮುಗಿಸಿ, ಮನೆಗೆ ಹೋಗಿ, ಉಂಡು ಮಲಗಿದ್ದಾರೆ. ಅವತ್ತೇ ಹೇಳಿದ್ದೆ, ಈಗಲೂ ಹೇಳುತ್ತೇನೆ.

ನನ್ನ ಮೊಮ್ಮಗಳು ನಂಬಲಿಲ್ಲ. ಮಸಗುಪ್ಪಿಯ ನಮ್ಮ ಮನೆಗೆ ಆ ಸಿ.ಡಿ.ಯನ್ನು ಗೋಕಾಕದಿಂದ ತಂದವನು ನನ್ನ ಸಣ್ಣ ಮಗ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಚ್ಚಿದ. ಮೊದಲಿಗೇ ಇಂಗ್ಲಿಷಿನಲ್ಲಿ ಒಂದು ಬರಹ ಬಂತು. ಎಂಟನೇ ಇಯತ್ತೆಯ ಮೊಮ್ಮಗಳು ತಡವರಿಸುತ್ತ ಓದಿದಳು: ಈ ಚಿತ್ರ ತೆಗೆದವರು ತಿರುಗಿ ಬರಲಿಲ್ಲ, ಕ್ಯಾಮೆರಾ ಮಾತ್ರ ಸಿಕ್ಕಿತು. ಬರೆದಿದ್ದೆಲ್ಲ ಖರೆ ಎಂದು ನಂಬುವ ವಯಸ್ಸು. ಅಲ್ಲಿಗೆ ಮುಗಿಯಿತು.

ಸಿನಿಮಾ ಕೆಟ್ಟದ್ದೇನಲ್ಲ. ದೆವ್ವವನ್ನು ಕೊನೆಯವರೆಗೂ ತೋರಿಸುವುದಿಲ್ಲ, ಅದು ಜಾಣತನ. ಬಿಳಿ ಸೀರೆ ಉಟ್ಟು, ಪೌಡರ್ ಬಡಿದುಕೊಂಡು ಬರುವ ದೆವ್ವ ನೋಡಿದರೆ ನನಗೆ ನಗು ಬರುತ್ತದೆ. ಇಲ್ಲಿ ಒಣಗಿದ ಎಲೆ ಸರಸರ ಎನ್ನುತ್ತದೆ, ಅಷ್ಟೇ. ನಾನೂ ಕಾಲು ಮಡಚಿ ಹೊರಸಿನ ಮೇಲೆ ಇಟ್ಟುಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಕ್ಯಾಮೆರಾ ಹಿಡಿದವನೇ ಓಡುವುದರಿಂದ ಅರ್ಧ ಸಿನಿಮಾ ಬರೀ ಕುಣಿಯುವ ನೆಲ ಮತ್ತು ಬೂಟು.

ಸೋಮವಾರ ಮೊಮ್ಮಗಳು ಶಾಲೆಗೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ಹೈಸ್ಕೂಲು ಮೂಡಲಗಿಯಲ್ಲಿತ್ತು. ಬಸ್ಸು ಹಿಡಿಯಲು ಕಬ್ಬಿನ ನಡುವಿನ ಕಾಲುದಾರಿಯಲ್ಲಿ ಹೋಗಬೇಕು. ಕಬ್ಬು ತಲೆ ಮೀರಿ ಬೆಳೆದಿತ್ತು. ಕೆಳಗಿನ ಎಲೆ ಒಣಗಿ, ರವದಿಯಾಗಿ, ಗಾಳಿಗೆ ಅದೇ ಸರಸರ.

ದೊಡ್ಡ ಮಗ, ಅಂದರೆ ಅವಳಪ್ಪ, ಇದನ್ನೇ ಕಾಯುತ್ತಿದ್ದನೋ ಏನೋ. "ಅಂಜತಾಳಂದ್ರ ಸಾಲಿ ಬಿಡಸೂಣು. ಏಳನೇತ್ತಾ ಮುಗದೈತಿ, ಸಾಕ" ಎಂದ.

"ನಿನಗ ಕಳಸಾಕ ಮನಸಿಲ್ಲ. ದೆವ್ವದ ಹೆಸರ ಯಾಕ ಹೇಳ್ತಿ?" ಎಂದೆ.

ನನ್ನನ್ನು ಮೂರನೇ ಇಯತ್ತೆಗೆ ಬಿಡಿಸಿದಾಗಲೂ ಹೀಗೇ ಒಂದು ಸಣ್ಣ ನೆವ. ತಮ್ಮನ ತೊಟ್ಟಿಲು ತೂಗುವವರಿಲ್ಲ ಎಂದು. ತಮ್ಮ ತೊಟ್ಟಿಲು ಬಿಟ್ಟು ಓಡಾಡಿದ, ನಾನು ಮಾತ್ರ ಶಾಲೆಗೆ ತಿರುಗಿ ಹೋಗಲಿಲ್ಲ.

ಆ ಮಂಗಳವಾರ ಸಂಜೆ ಸಣ್ಣ ಮಗನ ಮದುವೆಯ ಸಿ.ಡಿ. ಹಚ್ಚಿಸಿದೆ. ಮದುವೆ ನಡೆದದ್ದು ಬೆಲ್ಲದ ಬಾಗೇವಾಡಿಯಲ್ಲಿ. ಅಡುಗೆಯ ಹೊಗೆ ಆಲದ ಮರಕ್ಕೆ ಏರಿ, ಅಲ್ಲಿದ್ದ ಜೇನು ಎದ್ದು ಹಂದರದೊಳಗೆ ಇಳಿದಿತ್ತು. ವಿಡಿಯೋದವನು ಕ್ಯಾಮೆರಾವನ್ನು ಜಮಖಾನದ ಮೇಲೆ ಒಗೆದು ಓಡಿದ. ಅದು ಅಡ್ಡ ಬಿದ್ದುಕೊಂಡೇ ಎಲ್ಲ ತೆಗೆದಿದೆ: ಓಡುವ ಕಾಲುಗಳು, ಉರುಳುವ ಲಾಡು, ಯಾರದೋ "ಯವ್ವಾ ಸತ್ತಿನ್ಯೋ" ಎಂಬ ಚೀರಾಟ. ಆ ಭಾಗ ಕತ್ತರಿಸಲು ನಮ್ಮವರು ಬಿಟ್ಟಿರಲಿಲ್ಲ. ಬಂದ ಬೀಗರೆಲ್ಲ ಅದನ್ನೇ ಕೇಳಿ ನೋಡುತ್ತಾರೆ.

"ನೋಡ, ಖರೇ ಅಂಜಿದಾಂವಾ ಹಿಂಗ ಒಗದ ಓಡತಾನ. ನಿನ್ನ ಕಾಡಿನಾಂವಾ ಜೀವಾ ಹೋಗೂ ಮುಂದೂ ಕ್ಯಾಮೆರಾ ಬಿಡಲಿಲ್ಲ. ಅವಗ ಎಲ್ಲಿ ಅಂಜಿಕಿ?"

ಎರಡು ದಿನದಲ್ಲಿ ಮೊದಲ ಸಲ ಮೊಮ್ಮಗಳು ನಕ್ಕಳು. "ಆಯಿ, ಆ ಓಡೂ ಕಾಲ ನಿನ್ನೂ ಅಲ್ಲ?"

"ನನ್ನೂನ. ಎಲ್ಲಾರಿಗಿಂತ ಮುಂದ ಅದಾವ ನೋಡ."

ನಕ್ಕು ಮುಗಿದ ಮೇಲೆ ನನ್ನ ಸೆರಗು ಹಿಡಿದಳು. "ಸುಳ್ಳ ಅಂತ ತಿಳೀತ ಆಯಿ. ಆದ್ರ ಆ ಸಪ್ಪಳ ಕೇಳಿದ್ರ ಕಾಲ ಏಳಂಗಿಲ್ಲ."

ತಲೆಗೆ ತಿಳಿದದ್ದು ಕಾಲಿಗೂ ತಿಳಿಯಬೇಕಲ್ಲ. ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ.

ಮರುದಿನ ಬೆಳಕು ಹರಿಯುತ್ತಲೇ ಕಬ್ಬಿನ ದಾರಿಗೆ ಹೋದೆ. ಎರಡೂ ಬಾಜೂ ಮೂರು ಮೂರು ಸಾಲಿನ ರವದಿ ಸುಲಿದು, ಸುಲಿದದ್ದು ಗಾಳಿಗೆ ಸಪ್ಪಳ ಮಾಡದಂತೆ ಸಾಲಿನೊಳಗೆ ತುಳಿಯುತ್ತ ನಡೆದೆ. ಕೈಯೆಲ್ಲ ಗೀರಿತು. ಹೊಲದ ಯಜಮಾನ ನೀರು ಬಿಡಲು ಬಂದವನು ನೋಡಿದ. "ಏನ ನಡಸೀರಿ ಆಯಿ, ನಮ್ಮ ಕಬ್ಬಿನ್ಯಾಗ?"

"ನಿನ್ನ ಆಳಿನ ಕೆಲಸಾ ಪುಕ್ಕಟ ಮಾಡಾಕತ್ತೇನಿ. ಹೋಗ, ನಿನ್ನ ನೀರ ನೋಡಕೋ."

ಮೊಮ್ಮಗಳು ಪಾಟೀಚೀಲ ಹಾಕಿಕೊಂಡು ಬಂದಾಗ ಇನ್ನೂ ಸ್ವಲ್ಪ ದಾರಿ ಉಳಿದಿತ್ತು. ಅಷ್ಟು ದೂರ ಅವಳ ಮುಂದೆ ನಡೆದೆ, ಸುಲಿಯುತ್ತ.